ವೆಟ್ ಪ್ಲೇಟ್ ಕಿಟ್: ರೈಲು ಬೋಗಿಯ ಸ್ಟುಡಿಯೊ ದಾವಣಗೆರೆ ಬಿಸಿಲಿಗೆ ತಡೆಯುತ್ತದೆಯೇ?

ವೆಟ್ ಪ್ಲೇಟ್ ಎಂದರೆ ಹಸಿ ಲೇಪನದ ಪ್ಲೇಟಿನ ಮೇಲೆ ಫೋಟೊ ತೆಗೆಯುವ ಹಳೆಯ ವಿಧಾನ. ಒಂದೇ ಪೆಟ್ಟಿಗೆಯಲ್ಲಿ ಬರುವ ಅದರ 4×5 ಇಂಚಿನ ಕಿಟ್ ಮತ್ತು ಜೊತೆಗಿನ ಮಡಚುವ ಡಾರ್ಕ್ ಬಾಕ್ಸ್, ಅಂದರೆ ಹೊತ್ತೊಯ್ಯುವ ಕತ್ತಲೆ ಗೂಡಿನ ವಿಮರ್ಶೆ ಇದು. ಪರೀಕ್ಷೆ ನಡೆದದ್ದು ದಾವಣಗೆರೆಯ ಒಂದು ತಾರಸಿಯ ಮೇಲೆ ಮತ್ತು ಚಿತ್ರದುರ್ಗ ಕೋಟೆಯ ಹೊರಗಿನ ಬಯಲಲ್ಲಿ, ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಮಾರುವವರು ಇದನ್ನು ಹಳೆಯ ಕಾಲದ ರೈಲ್ವೆ ಫೋಟೊಗ್ರಾಫರ್‌ಗಳ ಪೂರ್ತಿ ಸ್ಟುಡಿಯೊ ಎಂದು ಹೇಳಿ ಮಾರುತ್ತಾರೆ. ಹಾಗಾಗಿ ಆ ಫೋಟೊಗ್ರಾಫರ್‌ಗಳು ಸ್ಟುಡಿಯೊ ಮಾಡಿಕೊಂಡಿದ್ದ ರೈಲು ಬೋಗಿಯನ್ನೇ ಅಳತೆಗೋಲು ಮಾಡಿಕೊಂಡು ತೂಗುವುದು ನ್ಯಾಯ.

ತೀರ್ಪು ಮೊದಲೇ ಹೇಳಿಬಿಡೋಣ. ರಾಸಾಯನಿಕಗಳು ಚೆನ್ನಾಗಿವೆ. ಡಾರ್ಕ್ ಬಾಕ್ಸ್ ಸೋರುತ್ತದೆ. ಬೆಳ್ಳಿ, ಅಂದರೆ ಸಿಲ್ವರ್ ನೈಟ್ರೇಟ್, ಸಾಲದು. ನೀರಿನ ವ್ಯವಸ್ಥೆ ಇಲ್ಲವೇ ಇಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಕೆಲಸ ಮಾಡುವವರು ಕೊಳ್ಳಬಹುದು. ಬೇಸಿಗೆಯಲ್ಲಿ ಕಲಿಯಲು ಕೂತರೆ ಹತ್ತು ಪ್ಲೇಟಿಗೆ ಏಳು ಹಾಳಾಗುತ್ತವೆ, ಮತ್ತು ಯಾವುದು ಕೈತಪ್ಪು, ಯಾವುದು ಬಿಸಿಲಿನ ತಪ್ಪು ಎಂದು ಹೊಸಬರಿಗೆ ಗೊತ್ತೇ ಆಗುವುದಿಲ್ಲ.

ರೈಲು ಬೋಗಿಯ ಮಾತು ಇಲ್ಲಿ ಏಕೆ ಬಂತು ಎಂದು ತಿಳಿಯಲು ಈ ವಿಧಾನದ ಒಂದು ಹಟವನ್ನು ಅರ್ಥಮಾಡಿಕೊಳ್ಳಬೇಕು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಪ್ಲೇಟನ್ನು ಮೊದಲೇ ತಯಾರು ಮಾಡಿ ಇಟ್ಟುಕೊಳ್ಳುವಂತಿಲ್ಲ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸುರಿದು, ಬೆಳ್ಳಿಯ ದ್ರಾವಣದ ತೊಟ್ಟಿಯಲ್ಲಿ ಅದ್ದಿ, ಹಸಿ ಇರುವಾಗಲೇ ಫೋಟೊ ತೆಗೆದು, ಹಸಿ ಇರುವಾಗಲೇ ಡೆವಲಪ್ ಮಾಡಬೇಕು. ಒಣಗಿದರೆ ಮುಗಿಯಿತು. ಆದ್ದರಿಂದ ಕ್ಯಾಮೆರಾ ಹೋದಲ್ಲೆಲ್ಲ ಕತ್ತಲೆ ಕೋಣೆಯೂ ಹೋಗಬೇಕು. ರೋಜರ್ ಫೆಂಟನ್ 1855ರಲ್ಲಿ ಕ್ರಿಮಿಯಾ ಯುದ್ಧಭೂಮಿಗೆ ವೈನ್ ವ್ಯಾಪಾರಿಯೊಬ್ಬನ ಕುದುರೆ ಗಾಡಿಯನ್ನು ಕತ್ತಲೆ ಕೋಣೆ ಮಾಡಿಕೊಂಡು ಹೋದ. ವಿಲಿಯಂ ಹೆನ್ರಿ ಜಾಕ್ಸನ್ 1870ರ ದಶಕದಲ್ಲಿ ರಾಕಿ ಪರ್ವತಗಳಲ್ಲಿ ಹೇಸರಗತ್ತೆಯ ಬೆನ್ನಿಗೆ ಎಲ್ಲವನ್ನೂ ಕಟ್ಟಿಕೊಂಡು ಅಲೆದ. ಆ ಹೇಸರಗತ್ತೆಗೆ ಇಟ್ಟ ಹೆಸರು ಹೈಪೊ, ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್ ರಾಸಾಯನಿಕದ್ದೇ ಹೆಸರು. ಜೆ.ಬಿ. ಸಿಲ್ವಿಸ್ 1870ರಿಂದ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲುಮಾರ್ಗದಲ್ಲಿ, ಗೂಡ್ಸ್ ಗಾಡಿಯ ಗಾರ್ಡ್ ಬೋಗಿಯೊಂದನ್ನು ಸ್ಟುಡಿಯೊ ಆಗಿ ಬದಲಾಯಿಸಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದ. ಊರಿನ ನಿಲ್ದಾಣದ ಬದಿಯ ಹಳಿ, ಅಂದರೆ ಸೈಡಿಂಗ್‌ನಲ್ಲಿ ಬೋಗಿ ಬಿಡುವುದು, ಬಂದವರ ಫೋಟೊ ತೆಗೆಯುವುದು, ಆಳ ಕಾಣಿಸುವ ಜೋಡಿ ಚಿತ್ರಗಳಾದ ಸ್ಟೀರಿಯೊ ಚಿತ್ರ ಮಾರುವುದು, ಮುಂದಿನ ಗಾಡಿಗೆ ಜೋಡಿಸಿಕೊಂಡು ಮುಂದಿನ ಊರಿಗೆ ಹೋಗುವುದು ಅವನ ದಿನಚರಿ. ಎಫ್. ಜೇ ಹೇನ್ಸ್ 1885ರಲ್ಲಿ ಪುಲ್‌ಮನ್ ಬೋಗಿಯೊಂದನ್ನು ಮಾರ್ಪಡಿಸಿ 'ಪ್ಯಾಲೇಸ್ ಸ್ಟುಡಿಯೊ ಕಾರ್' ಎಂದು ಹೆಸರಿಟ್ಟು ನಾರ್ದರ್ನ್ ಪೆಸಿಫಿಕ್ ಮಾರ್ಗದಲ್ಲಿ 1905ರವರೆಗೆ ನಡೆಸಿದ. 1890ರ ದಶಕದಲ್ಲಿ ವಿಲಿಯಂ ರಾವ್ ಪೆನ್ಸಿಲ್ವೇನಿಯಾ ರೈಲ್‌ರೋಡ್‌ಗಾಗಿ 18×22 ಇಂಚಿನ ಗಾಜಿನ ನೆಗೆಟಿವ್‌ಗಳನ್ನು ತೆಗೆದದ್ದೂ ಅದಕ್ಕೆಂದೇ ಸಜ್ಜು ಮಾಡಿದ ಬೋಗಿಯಲ್ಲಿ ಹೋಗಿ. ಹೇನ್ಸ್ ಮತ್ತು ರಾವ್ ಕಾಲಕ್ಕೆ ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಾದ ಒಣ ಪ್ಲೇಟ್ ಬಂದಾಗಿತ್ತು, ಹಸಿಯ ಪಾಡು ಅವರಿಗಿರಲಿಲ್ಲ. ಈ ಕಿಟ್ ನಮ್ಮನ್ನು ಕೂರಿಸುವುದು ಸಿಲ್ವಿಸ್‌ನ ಬೋಗಿಯಲ್ಲಿ.

ಆ ಬೋಗಿಯ ದೊಡ್ಡ ಲಾಭ ಅದು ಓಡುತ್ತಿತ್ತು ಎಂಬುದರಲ್ಲಿದೆ ಎಂದು ಎಲ್ಲರೂ ಬರೆಯುತ್ತಾರೆ. ಕೆಲಸ ಮಾಡಿದವರಿಗೆ ಗೊತ್ತಿರುವುದು ಬೇರೆ. ಬೋಗಿ ನಿಂತಾಗಲೇ ಅದರ ಬೆಲೆ. ಓಡುವ ಗಾಡಿಯಲ್ಲಿ ಬೆಳ್ಳಿ ತೊಟ್ಟಿಯ ತಳದ ಗಸಿ ಕದಡಿ ಮೇಲೆ ಬರುತ್ತದೆ, ಪ್ಲೇಟಿನ ಮೇಲೆ ಬಾಲವಿರುವ ಚುಕ್ಕೆಗಳಾಗಿ ಕೂರುತ್ತದೆ. ಸೈಡಿಂಗ್‌ನಲ್ಲಿ ನಿಂತ ಬೋಗಿ ಕೊಟ್ಟದ್ದು ಮೂರು ಸೌಕರ್ಯ: ಲೆನ್ಸಿನಿಂದ ನಾಲ್ಕು ಹೆಜ್ಜೆಗೆ ಕತ್ತಲೆ, ಕೈಗೆಟುಕುವ ನೀರು, ಅಲುಗಾಡದ ಮೇಜು. ಕಿಟ್ ಈ ಮೂರನ್ನು ಎಷ್ಟರಮಟ್ಟಿಗೆ ಕೊಡುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಪೆಟ್ಟಿಗೆಯಲ್ಲಿ ಇರುವುದು: ಅಯೊಡೈಡ್ ಮತ್ತು ಬ್ರೋಮೈಡ್ ಬೆರೆತ ಕೊಲೋಡಿಯನ್ 250 ಮಿಲಿ, ಸಿಲ್ವರ್ ನೈಟ್ರೇಟ್ 50 ಗ್ರಾಂ, ಡೆವಲಪರ್‌ಗೆ ಫೆರಸ್ ಸಲ್ಫೇಟ್ ಮತ್ತು ಗ್ಲೇಶಿಯಲ್ ಅಸಿಟಿಕ್ ಆ್ಯಸಿಡ್, ಹೈಪೊ, ಸ್ಯಾಂಡರಾಕ್ ವಾರ್ನಿಷ್, ಅಕ್ರಿಲಿಕ್ ತೊಟ್ಟಿ, ಪ್ಲೇಟ್ ಇಳಿಸುವ ಕೊಕ್ಕೆ, ಮರದ ಪ್ಲೇಟ್ ಹೋಲ್ಡರ್, ಕಪ್ಪು ಲೇಪನದ 10 ಅಲ್ಯೂಮಿನಿಯಂ ಪ್ಲೇಟು. ಕ್ಯಾಮೆರಾ, ಲೆನ್ಸ್ ನಿಮ್ಮದೇ. ಹೋಲ್ಡರ್ ಸಾಮಾನ್ಯ 4×5 ಫೀಲ್ಡ್ ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತದೆ. ಒಳಗಿನ ನಾಲ್ಕು ಮೂಲೆಗಳಿಗೆ ಬೆಳ್ಳಿ ತಿನ್ನದ ಪ್ಲಾಸ್ಟಿಕ್ ಒತ್ತು ಕೊಟ್ಟಿದ್ದಾರೆ. ಇದು ಮೆಚ್ಚುವ ಕೆಲಸ. ಬರಿ ಮರವಾದರೆ ಬೆಳ್ಳಿ ಹೀರಿಕೊಂಡು, ಮುಂದಿನ ಪ್ಲೇಟಿಗೆ ಮೂಲೆಯಿಂದ ಚಿಪ್ಪಿನಂತಹ ಬೂದು ಕಲೆ ಹತ್ತಿಸುತ್ತದೆ.

ಬೆಳ್ಳಿಯ ಲೆಕ್ಕಕ್ಕೆ ಬರೋಣ, ಏಕೆಂದರೆ ಮೊದಲ ಜಗಳ ಅಲ್ಲೇ. ತೊಟ್ಟಿ ತುಂಬಲು 700 ಮಿಲಿ ಬೇಕು. ಶೇಕಡಾ 9ರ ದ್ರಾವಣ ಮಾಡಲು 63 ಗ್ರಾಂ ಸಿಲ್ವರ್ ನೈಟ್ರೇಟ್ ಬೇಕು. ಕೊಟ್ಟಿರುವುದು 50. ಕಿಟ್‌ನ ಸೂಚನೆಯ ಹಾಳೆಯಲ್ಲಿ ಹೇಳಿದಂತೆ ಶೇಕಡಾ 9ಕ್ಕೆ ಕಲಸಿದರೆ 550 ಮಿಲಿ ಆಗಿ ಪ್ಲೇಟಿನ ಮೇಲ್ತುದಿ ದ್ರಾವಣದಿಂದ ಹೊರಗೇ ಉಳಿಯುತ್ತದೆ, ಅಲ್ಲಿ ಚಿತ್ರವೇ ಮೂಡುವುದಿಲ್ಲ. ತೊಟ್ಟಿ ತುಂಬುವಷ್ಟು ನೀರು ಹಾಕಿದರೆ ಶೇಕಡಾ 7 ಆಗುತ್ತದೆ. ಬಿಸಿ ಹವೆಗೆ ತುಸು ತೆಳು ತೊಟ್ಟಿ ಒಳ್ಳೆಯದೇ, ಆದರೆ ಪ್ರತಿ ಪ್ಲೇಟೂ ಒಂದಿಷ್ಟು ಬೆಳ್ಳಿ ಹೊತ್ತೊಯ್ಯುವುದರಿಂದ ಇಪ್ಪತ್ತೈದು ಪ್ಲೇಟಿನ ಹೊತ್ತಿಗೆ ಚಿತ್ರ ಸಪ್ಪೆಯಾಗತೊಡಗುತ್ತದೆ. ಕಿಟ್ ಜೊತೆಗೇ ಇನ್ನೊಂದು 25 ಗ್ರಾಂ ತರಿಸಿಕೊಳ್ಳಿ. ಸಿಲ್ವರ್ ನೈಟ್ರೇಟಿನ ತೂಕದಲ್ಲಿ ಸುಮಾರು ಶೇಕಡಾ 63.5 ಶುದ್ಧ ಬೆಳ್ಳಿ. ಆದ್ದರಿಂದ ದರ ಚಿನಿವಾರ ಪೇಟೆಯ ಬೆಳ್ಳಿಯ ಜೊತೆಗೇ ಏರಿಳಿಯುತ್ತದೆ. ದ್ರಾವಣದ ಸಾಂದ್ರತೆ ಅಳೆಯುವ ಒಂದು ಹೈಡ್ರೊಮೀಟರ್ ಕೂಡ ಇರಲಿ. 1.07ರಿಂದ 1.08ರ ನಡುವೆ ತೋರಿಸುತ್ತಿದ್ದರೆ ತೊಟ್ಟಿ ಗಟ್ಟಿಯಾಗಿದೆ.

ಹೊಸ ತೊಟ್ಟಿಗೆ ಮೊದಲ ದಿನವೇ ಪ್ಲೇಟ್ ಇಳಿಸಬೇಡಿ. ಬರಿ ಸಿಲ್ವರ್ ನೈಟ್ರೇಟ್ ದ್ರಾವಣ ಪ್ಲೇಟಿನ ಮೇಲಿನ ಸಿಲ್ವರ್ ಅಯೊಡೈಡನ್ನೇ ಕರಗಿಸಿಕೊಳ್ಳುತ್ತದೆ, ಸೂಜಿಮೊನೆಯಂತಹ ತೂತುಗಳು ಬೀಳುತ್ತವೆ. ಕೊಲೋಡಿಯನ್ ಹಚ್ಚಿದ ಒಂದು ಗಾಜನ್ನು ರಾತ್ರಿಯೆಲ್ಲ ಅದರಲ್ಲೇ ಮುಳುಗಿಸಿಟ್ಟು ಬೆಳಿಗ್ಗೆ ಸೋಸಿ. ನಂತರ ಎರಡು ಮೂರು ಹನಿ ನೈಟ್ರಿಕ್ ಆ್ಯಸಿಡ್ ಹಾಕಿ ಪಿಎಚ್ 4ರ ಹತ್ತಿರಕ್ಕೆ ತನ್ನಿ. ಕಿಟ್‌ನ ಹಾಳೆಯಲ್ಲಿ ಈ ಎರಡೂ ಮಾತಿಲ್ಲ. ಇಷ್ಟು ದೊಡ್ಡ ಲೋಪವನ್ನು ಕ್ಷಮಿಸುವುದು ಕಷ್ಟ.

ಇನ್ನು ನೀರು. ಒಂದು ಗಾಜಿನ ಲೋಟದಲ್ಲಿ ಮನೆಯ ಬೋರ್‌ವೆಲ್ ನೀರು ಹಿಡಿದು ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹನಿ ಬಿದ್ದಲ್ಲಿಂದ ಮಜ್ಜಿಗೆ ಬೆರೆಸಿದಂತೆ ಬಿಳಿ ಎಳೆ ಇಳಿಯುತ್ತದೆ. ಅರ್ಧ ನಿಮಿಷಕ್ಕೆ ಲೋಟವೆಲ್ಲ ಮಂಜು. ಅದು ನೀರಿನ ಕ್ಲೋರೈಡು ಬೆಳ್ಳಿಯನ್ನು ಹಿಡಿದು ಹಾಕಿದ ಗುರುತು. ಬೆಳಕಲ್ಲಿ ಇಟ್ಟರೆ ಆ ಬಿಳುಪು ಮೆಲ್ಲಗೆ ನೇರಳೆಗೆ ತಿರುಗುತ್ತದೆ. ಚಿತ್ರದುರ್ಗದ ಕಲ್ಲುನೆಲದ ಬೋರ್ ನೀರಿನಲ್ಲಿ ಇದು ಇನ್ನೂ ದಟ್ಟ. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ನಲ್ಲಿ ನೀರು ಮೆದುವಾದರೂ ಶುದ್ಧೀಕರಣಕ್ಕೆ ಕ್ಲೋರಿನ್ ಬೆರೆತಿರುತ್ತದೆ. ತೊಟ್ಟಿಗೂ ಡೆವಲಪರ್‌ಗೂ ಡಿಸ್ಟಿಲ್ಡ್ ವಾಟರ್ ಮಾತ್ರ. ಬ್ಯಾಟರಿ ಅಂಗಡಿಯ ಕ್ಯಾನಿನ ನೀರು ನಡೆಯುತ್ತದೆ, ಆದರೆ ಪ್ರತಿ ಹೊಸ ಕ್ಯಾನಿಗೂ ಒಂದು ಹನಿಯ ಪರೀಕ್ಷೆ ತಪ್ಪಿಸಬೇಡಿ. ಡೆವಲಪ್ ನಿಲ್ಲಿಸಲು, ಕೊನೆಗೆ ತೊಳೆಯಲು ನಲ್ಲಿ ನೀರು ಸಾಕು. ಪ್ರತಿ ಪ್ಲೇಟಿಗೆ ಒಟ್ಟು ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ. ಹತ್ತು ಪ್ಲೇಟಿನ ದಿನಕ್ಕೆ ಎರಡು ದೊಡ್ಡ ಕ್ಯಾನು. ಆವಿ ಎಂಜಿನ್ನಿಗೆ ಹೇಗೂ ನೀರು ತುಂಬಬೇಕಾದ್ದರಿಂದ ರೈಲ್ವೆ ನಿಲ್ದಾಣಗಳಲ್ಲಿ ನೀರಿನ ತೊಟ್ಟಿ ಇದ್ದೇ ಇರುತ್ತಿತ್ತು. ಬೋಗಿ ಫೋಟೊಗ್ರಾಫರ್‌ಗೆ ಆ ಭಾರ ಹೊರುವ ಕೆಲಸ ಕಡಿಮೆ. ಕಿಟ್‌ನವರು ಒಂದು ನಲ್ಲಿಯಿರುವ ಐದು ಲೀಟರ್ ಚೀಲವನ್ನಾದರೂ ಕೊಡಬಹುದಿತ್ತು.

ಡೆವಲಪರ್‌ಗೆ ನಾವು ಬಳಸಿದ ಅಳತೆ: ಡಿಸ್ಟಿಲ್ಡ್ ವಾಟರ್ 355 ಮಿಲಿ, ಫೆರಸ್ ಸಲ್ಫೇಟ್ 15 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆ್ಯಸಿಡ್ 14 ಮಿಲಿ, ಆಲ್ಕೋಹಾಲ್ 18 ಮಿಲಿ. ಫೆರಸ್ ಸಲ್ಫೇಟ್ ಹಸಿರಾಗಿರಬೇಕು. ತುಕ್ಕುಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ಮುಗಿದ ಮೇಲೆ ಮತ್ತೆ ಕಿಟ್ ತರಿಸಬೇಕಿಲ್ಲ, ಕಾಲೇಜು ಲ್ಯಾಬುಗಳಿಗೆ ಸಾಮಾನು ಕೊಡುವ ದಾವಣಗೆರೆಯ ಅಂಗಡಿಗಳಲ್ಲಿ ಫೆರಸ್ ಸಲ್ಫೇಟ್, ಅಸಿಟಿಕ್ ಆ್ಯಸಿಡ್, ಹೈಪೊ ಮೂರೂ ಕೇಳಿದರೆ ಕೊಡುತ್ತಾರೆ.

ಪ್ಲೇಟ್ ಮಾಡುವ ಕ್ರಮ ಓದಲು ಸುಲಭ, ಕೈಗೆ ಹತ್ತಲು ಮೂವತ್ತು ಪ್ಲೇಟು ಬೇಕು. ಗಾಜು ಬಳಸುವುದಾದರೆ ಫೋಟೊ ಫ್ರೇಮಿನ 2 ಮಿಮೀ ಗಾಜು ಸಾಕು. ಅಂಚನ್ನು ಸಾಣೆಕಲ್ಲಿಗೆ ಉಜ್ಜಿ ಒರಟು ಮಾಡಿ, ಇಲ್ಲದಿದ್ದರೆ ಕೈಯೂ ಕುಯ್ಯುತ್ತದೆ, ಪದರವೂ ಅಂಚಿನಿಂದ ಏಳುತ್ತದೆ. ಚಾಕ್ ಪುಡಿ, ಆಲ್ಕೋಹಾಲ್, ನೀರು ಸಮಸಮ ಕಲಸಿ ಎರಡೂ ಮುಖ ಉಜ್ಜಿ. ಬಾಯಿಂದ ಹಾ ಎಂದು ಆವಿ ಬಿಟ್ಟಾಗ ಮಂಜು ಒಂದೇ ಸಮ ಕೂತು ಒಂದೇ ಸಮ ಆರಬೇಕು; ಗೆರೆ ಕಂಡರೆ ಮತ್ತೆ ಉಜ್ಜಿ. ಅಂಚಿಗೆ ಮೊಟ್ಟೆಯ ಬಿಳಿ ಸವರಿದರೆ ಪದರ ಕಳಚುವುದಿಲ್ಲ: ಒಂದು ಮೊಟ್ಟೆಯ ಬಿಳಿಗೆ ಅರ್ಧ ಲೀಟರ್ ನೀರು. ಕಿಟ್‌ನ ಅಲ್ಯೂಮಿನಿಯಂ ಪ್ಲೇಟಿಗೆ ಈ ಪಾಡು ಯಾವುದೂ ಇಲ್ಲ, ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದರೆ ಆಯಿತು. ಇದು ಟ್ರೋಫಿಗಳಿಗೆ ಹೆಸರು ಕೆತ್ತುವ ತಗಡಿನದೇ ಜಾತಿ.

ಕೊಲೋಡಿಯನ್ ಸುಮಾರು 10 ಮಿಲಿ ಪ್ಲೇಟಿನ ನಡುವೆ ಸುರಿದು ಒಂದೊಂದೇ ಮೂಲೆಗೆ ಹರಿಸಿ, ಕೊನೆಯ ಮೂಲೆಯಿಂದ ಬಾಟಲಿಗೆ ಬಸಿಯಬೇಕು. ಬಸಿಯುವಾಗ ಪ್ಲೇಟನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತೂಗಿ. ತೂಗದೆ ಹಿಡಿದರೆ ಬಸಿದ ದಿಕ್ಕಿಗೆ ಸಾಲುಸಾಲು ಏಣು ಬೀಳುತ್ತವೆ. ಅರ್ಧಕ್ಕಿಂತ ಹೆಚ್ಚು ಬಾಟಲಿಗೆ ಮರಳುವುದರಿಂದ 250 ಮಿಲಿಗೆ ಐವತ್ತು ಪ್ಲೇಟಿಗೆ ಮೋಸವಿಲ್ಲ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಪದರ ಕಟ್ಟುತ್ತದೆ. ಬಸಿದ ಮೂಲೆಯನ್ನು ಬೆರಳಿಂದ ಮುಟ್ಟಿದರೆ ಅಂಟದೆ ಅಚ್ಚು ಮಾತ್ರ ಉಳಿಯಬೇಕು, ಅದೇ ಹದ. ಜನವರಿಯ ಬೆಳಿಗ್ಗೆ ಈ ಹದಕ್ಕೆ ಹನ್ನೆರಡು ಸೆಕೆಂಡು ಹಿಡಿದರೆ ಏಪ್ರಿಲ್‌ನಲ್ಲಿ ಐದಾರು ಸೆಕೆಂಡು. ತೊಟ್ಟಿಗೆ ಒಂದೇ ಓಟದಲ್ಲಿ ಇಳಿಸಿ. ನಡುವೆ ತಡೆದರೆ ಅಡ್ಡಗೆರೆ ಖಂಡಿತ. ಮೂರು ನಿಮಿಷ. ಎತ್ತಿದಾಗ ಎಣ್ಣೆ ಹಚ್ಚಿದಂತೆ ಹನಿಹನಿಯಾಗಿ ಜಾರಿದರೆ ಇನ್ನೂ ಆಗಿಲ್ಲ, ನೀರಿನಂತೆ ಒಂದೇ ಪರದೆಯಾಗಿ ಇಳಿದರೆ ಆಗಿದೆ. ಹಿಂಬದಿ ಒರೆಸಿ ಹೋಲ್ಡರಿಗೆ ಹಾಕಿ.

ಎಕ್ಸ್‌ಪೋಶರಿಗೆ ಲೈಟ್ ಮೀಟರ್ ನಂಬಬೇಡಿ. ಈ ಪ್ಲೇಟಿಗೆ ಕಾಣುವುದು ನೀಲಿ, ನೇರಳೆ ಮತ್ತು ಅದರಾಚೆಯ ಬೆಳಕು ಮಾತ್ರ. ತೆರೆದ ನೆರಳಲ್ಲಿ ಲೆನ್ಸಿನ ಕಿಂಡಿ ಎಫ್ 5.6ಕ್ಕೆ ಇದ್ದರೆ ಮೂರರಿಂದ ಎಂಟು ಸೆಕೆಂಡು. ಬೆಳಗಿನ ಏಳು ಗಂಟೆಯ ಹೊಂಬಿಸಿಲು ಕಣ್ಣಿಗೆ ಎಷ್ಟೇ ಪ್ರಖರವಾಗಿ ಕಂಡರೂ ಪ್ಲೇಟಿಗೆ ಮಂಕು. ಹತ್ತು ಗಂಟೆಯ ನೆರಳು ಅದಕ್ಕಿಂತ ವಾಸಿ. ಬೇಸಿಗೆಯ ಇಕ್ಕಟ್ಟು ಇದೇ. ತಂಪಿರುವಾಗ ಬೆಳಕಿಲ್ಲ, ಬೆಳಕು ಬಂದಾಗ ತಂಪಿಲ್ಲ. ಏಪ್ರಿಲ್‌ನಲ್ಲಿ ಎಂಟೂವರೆಯಿಂದ ಹತ್ತರವರೆಗಿನ ಒಂದೂವರೆ ಗಂಟೆಯೇ ಗತಿ. ಫೆಂಟನ್ ಕೂಡ ಕ್ರಿಮಿಯಾದ ಬೇಸಿಗೆಯಲ್ಲಿ ಬೆಳಗಿನಲ್ಲೇ ಕೆಲಸ ಮುಗಿಸಿ ಗಾಡಿಯಿಂದ ಹೊರಬರಬೇಕಾಗುತ್ತಿತ್ತು.

ಬಣ್ಣಗಳ ಈ ಕುರುಡನ್ನು ಕೂರುವವರಿಗೆ ಮುಂಚೆಯೇ ಹೇಳಿ. ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತದೆ. ಅರಿಶಿನದ ಕೆನ್ನೆ ಕಂದುತ್ತದೆ. ನೀಲಿ ಅಂಗಿ ಬಿಳಿಯಾಗುತ್ತದೆ, ಇಳಕಲ್ ಸೀರೆಯ ಕೆಂಪು ಸೆರಗು ಇದ್ದಿಲಾಗುತ್ತದೆ. ಮೈಬಣ್ಣ ಇರುವುದಕ್ಕಿಂತ ಒಂದು ಕೈ ಗಾಢ. ತಗಡಿನ ಮೇಲಿನ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿರುತ್ತದೆ, ಎಡ ಭುಜದ ಸೆರಗು ಬಲ ಭುಜಕ್ಕೆ ಬರುತ್ತದೆ. ಬೋರ್ಡಿನ ಅಕ್ಷರಗಳು ಉಲ್ಟಾ. ಅಂಗಡಿ ಬೋರ್ಡು, ಎಂಜಿನ್ನಿನ ಹೆಸರು ಸರಿಯಾಗಿ ಓದಬೇಕೆಂದರೆ ಗಾಜಿನ ನೆಗೆಟಿವ್ ಮಾಡಿ ಕಾಗದಕ್ಕೆ ಇಳಿಸಬೇಕು. ಚಿತ್ರದುರ್ಗದ ಬಂಡೆಗಳಿಗೆ ಮಾತ್ರ ಈ ಪ್ಲೇಟು ಹೇಳಿ ಮಾಡಿಸಿದ್ದು: ಕಲ್ಲುಹೂ, ನೀರು ಹರಿದ ಕಲೆ, ಬಿರುಕು ಒಂದೊಂದೂ ಕೆತ್ತಿದಂತೆ ಬರುತ್ತವೆ, ಆಕಾಶ ಖಾಲಿ ಬಿಳಿ. ಕೋಟೆಯೊಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ರಾಸಾಯನಿಕದ ಡಬ್ಬ ಒಯ್ಯುವ ಯೋಚನೆಯನ್ನೇ ಬಿಡಿ. ಹೊರಗಿನ ಬಯಲಿಂದ ಕಾಣುವ ಬಂಡೆಸಾಲೇ ಬೇಕಾದಷ್ಟಿದೆ.

ಬೆಳಕಿನ ದಿಕ್ಕಿನಲ್ಲಿ ಬೋಗಿಯವರಿಗಿಂತ ನಮಗೆ ಅನುಕೂಲ ಹೆಚ್ಚು. ಊರಿನ ಸ್ಟುಡಿಯೊ ಕಟ್ಟುವವನು ಗಾಜಿನ ಮಾಡನ್ನು ಉತ್ತರಕ್ಕೆ ಇಟ್ಟುಕೊಳ್ಳುತ್ತಿದ್ದ. ಬೋಗಿಗೆ ಹಳಿ ಹೋದ ದಿಕ್ಕೇ ದಿಕ್ಕು. ಗುಬ್ಬಿಯಿಂದ ಹರಿಹರದವರೆಗಿನ ಮೀಟರ್ ಗೇಜ್ ಮಾರ್ಗ ತೆರೆದದ್ದು 1889ರಲ್ಲಿ, ಹೇನ್ಸ್‌ನ ಬೋಗಿ ಅಮೆರಿಕದಲ್ಲಿ ಓಡಾಡುತ್ತಿದ್ದ ಕಾಲದಲ್ಲೇ. ಅಂಥ ಬೋಗಿಯನ್ನು ಈ ಹಳಿಯ ಮೇಲೆ ಊಹಿಸಿಕೊಳ್ಳಿ: ಚಿಕ್ಕಜಾಜೂರಿನಿಂದ ಹರಿಹರದ ಕಡೆಗೆ ಮಾರ್ಗ ಆಗ್ನೇಯದಿಂದ ವಾಯವ್ಯಕ್ಕೆ ಸಾಗುವುದರಿಂದ ಬೋಗಿಯ ಒಂದು ಪಕ್ಕ ಈಶಾನ್ಯಕ್ಕೆ, ಇನ್ನೊಂದು ನೈರುತ್ಯಕ್ಕೆ ಬೀಳುತ್ತದೆ. ಮಧ್ಯಾಹ್ನದವರೆಗೆ ಪರದೆ ಎಳೆದು ಕಾದು, ಆಮೇಲೆ ಈಶಾನ್ಯದ ಕಿಟಕಿ ತೆರೆದರೆ ಮೆದುವಾದ ಬೆಳಕು. ತಾರಸಿಯ ಮೇಲೆ ಇಷ್ಟೆಲ್ಲ ಕಾಯಬೇಕಿಲ್ಲ, ಕುರ್ಚಿಯನ್ನೇ ತಿರುಗಿಸಿದರಾಯಿತು. ಕೂರುವವರ ಕುತ್ತಿಗೆಯ ಹಿಂದೆ ಒಂದು ಆಧಾರ ಇರಲಿ. ಐದು ಸೆಕೆಂಡಿನಲ್ಲಿ ತಲೆ ಅಲುಗುವುದು ಅವರ ಗಮನಕ್ಕೇ ಬರುವುದಿಲ್ಲ.

ಪೆಟ್ಟಿಗೆಯ ದೊಡ್ಡ ಸೋಲು ಡಾರ್ಕ್ ಬಾಕ್ಸ್. ಕಪ್ಪು ಬಟ್ಟೆ, ಫೈಬರ್ ಕಡ್ಡಿ, ಕೆಂಪು ಕಿಟಕಿ, ತೋಳು ತೂರಿಸುವ ಎರಡು ಕೈಚೀಲ. ಕೆಂಪು ಕಿಟಕಿಯಲ್ಲಿ ದೋಷವಿಲ್ಲ, ಈ ಪ್ಲೇಟಿಗೆ ಕೆಂಪು ಕಾಣುವುದೇ ಇಲ್ಲ. ಸೋರುವುದು ಜಿಪ್ಪಿನ ಹೊಲಿಗೆಯಲ್ಲಿ. ಪರೀಕ್ಷಿಸುವುದು ಹೀಗೆ: ಬೆಳ್ಳಿಯಿಂದ ತೆಗೆದ ಪ್ಲೇಟನ್ನು ಬಾಕ್ಸಿನೊಳಗೇ ಇಟ್ಟು ಅರ್ಧಕ್ಕೆ ರಟ್ಟು ಮುಚ್ಚಿ, ಮೂರು ನಿಮಿಷ ಬಿಟ್ಟು, ಕ್ಯಾಮೆರಾಕ್ಕೆ ಹಾಕದೆ ಡೆವಲಪ್ ಮಾಡಿ. ಫಿಕ್ಸ್ ಆದ ಮೇಲೆ ಎರಡೂ ಅರ್ಧ ಒಂದೇ ಕಪ್ಪಾಗಿರಬೇಕು. ಬಂದ ಬಾಕ್ಸಿನಲ್ಲಿ ತೆರೆದ ಅರ್ಧ ಬೂದಿ ಎರಚಿದಂತಿತ್ತು. ಜಿಪ್ಪಿನುದ್ದಕ್ಕೆ ನಾಲ್ಕು ಇಂಚು ಅಗಲದ ಎರಡು ಪದರ ಕಪ್ಪು ಬಟ್ಟೆ ಹೊಲಿಸಿದ ಮೇಲೆ ಸರಿಹೋಯಿತು. ಟೈಲರ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಎರಡನೆಯ ದೋಷಕ್ಕೆ ಹೊಲಿಗೆಯಿಲ್ಲ. ಕಪ್ಪು ಬಟ್ಟೆಯ ಗೂಡು ಬಿಸಿಲಲ್ಲಿ ಒಲೆಯಾಗುತ್ತದೆ. ಕೊಲೋಡಿಯನ್‌ನಲ್ಲಿರುವ ಈಥರ್ ಕುದಿಯುವುದು 34.6 ಡಿಗ್ರಿಗೆ. ದಾವಣಗೆರೆಯ ಏಪ್ರಿಲ್ ನೆರಳಲ್ಲೇ ಅದನ್ನು ದಾಟುತ್ತದೆ, ಬಾಕ್ಸಿನ ಒಳಗೆ ಕೇಳುವುದೇ ಬೇಡ. ಬಾಟಲಿಯ ಮುಚ್ಚಳ ತಿರುಗಿಸಿದೊಡನೆ ಈಥರ್ ಹಾರಿ ಕೊಲೋಡಿಯನ್ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತದೆ, ಮೂಲೆಗೆ ಹರಿಯುವ ಮೊದಲೇ ನಿಲ್ಲುತ್ತದೆ. ಕೊಲೋಡಿಯನ್ ಸುರಿಯುವ ಕೆಲಸಕ್ಕೆ ಕತ್ತಲೆ ಬೇಕಿಲ್ಲ. ಅದನ್ನು ಬಾಕ್ಸಿನ ಹೊರಗೆ, ಗಾಳಿಯಾಡುವ ನೆರಳಲ್ಲಿ ಮಾಡಿ. ಈಥರ್ ಆವಿ ನೆಲಕ್ಕಂಟಿಕೊಂಡು ದೂರ ಹರಿಯುತ್ತದೆ, ಹತ್ತಿರದಲ್ಲೆಲ್ಲೂ ಬೀಡಿ, ಒಲೆ, ಊದುಬತ್ತಿ ಇರಬಾರದು. ಬಾಕ್ಸನ್ನು ಹೊಂಗೆಯ ಮರದಡಿ ಇಟ್ಟು ಮೇಲೆ ಬಿಳಿ ತಾಡಪಾಲು ಕಟ್ಟಿ, ಒದ್ದೆ ಗೋಣಿ ಹೊದಿಸಿ. ಹಳೆಯ ಕಾಲದವರು ಬೇಸಿಗೆಯ ಕೊಲೋಡಿಯನ್‌ನಲ್ಲಿ ಈಥರ್ ತಗ್ಗಿಸಿ ಆಲ್ಕೋಹಾಲ್ ಹೆಚ್ಚಿಸುತ್ತಿದ್ದರು. ಕಿಟ್ ಮಾರುವವರು ನಮ್ಮ ದೇಶಕ್ಕೆಂದು ಅಂಥ ಬೇಸಿಗೆ ಬಾಟಲಿ ಒಂದನ್ನು ಮಾಡಿದರೆ ಈ ವಿಮರ್ಶೆಯ ಅರ್ಧ ದೂರು ತೀರುತ್ತದೆ.

ಡೆವಲಪ್ ಮಾಡುವಾಗ ಚಿಕ್ಕ ಲೋಟದಲ್ಲಿ 20 ಮಿಲಿ ತೆಗೆದುಕೊಂಡು ಪ್ಲೇಟಿನ ಒಂದು ಅಂಚಿನಿಂದ ಒಂದೇ ಬೀಸಿಗೆ ಹರಿಸಿ, ಹೊರಗೆ ಚೆಲ್ಲದಂತೆ ಪ್ಲೇಟಿನ ಮೇಲೇ ಆಡಿಸಿ. ಚೆಲ್ಲಿದರೆ ಮೇಲಿನ ಬೆಳ್ಳಿಯೂ ಅದರ ಜೊತೆ ಹೋಗಿ, ಸುರಿದ ಜಾಗ ಮಾತ್ರ ಬೋಳಾಗುತ್ತದೆ. ಜನವರಿಗೆ ಹದಿನೈದು ಸೆಕೆಂಡು, ಏಪ್ರಿಲ್‌ಗೆ ಎಂಟು ಹತ್ತು. ಬಿಸಿಯಲ್ಲಿ ಓಡುವ ಡೆವಲಪರನ್ನು ಹಿಡಿದು ನಿಲ್ಲಿಸಲು ಅಸಿಟಿಕ್ ಆ್ಯಸಿಡ್ ನಾಲ್ಕೈದು ಮಿಲಿ ಹೆಚ್ಚಿಸಿ, ಒಂದು ಚಮಚ ಸಕ್ಕರೆ ಹಾಕಿ. ಬೆಳಕಿನ ಭಾಗಗಳು ಮೂಡಿ ನೆರಳಿನ ವಿವರ ಇನ್ನೇನು ಬರುತ್ತಿದೆ ಎನ್ನುವಾಗಲೇ ನೀರು ಸುರಿಯಬೇಕು. ಪೂರ್ತಿ ಬರಲಿ ಎಂದು ಕಾದವರ ಪ್ಲೇಟಿಗೆ ಮಂಜು ಮುಸುಕುತ್ತದೆ.

ಫಿಕ್ಸರ್‌ಗೆ ಹೈಪೊ ಕೊಟ್ಟಿರುವುದು ಸರಿಯಾದ ಆಯ್ಕೆ. ಆ ಕಾಲದ ಬಹಳಷ್ಟು ಜನ ಬಳಸುತ್ತಿದ್ದದ್ದು ಪೊಟ್ಯಾಶಿಯಂ ಸಯನೈಡ್; ಚಿತ್ರಕ್ಕೆ ಕೆನೆಬಣ್ಣದ ಹೊಳಪು ಬರುತ್ತದೆ ನಿಜ, ಆದರೆ ತೊಳೆಯದೆ ಉಳಿದ ಆಮ್ಲದ ಡೆವಲಪರ್ ಅದಕ್ಕೆ ತಾಗಿದರೆ ಏಳುವುದು ಕೊಲ್ಲುವ ಅನಿಲ. ಚಿತ್ರ ಒಂದು ಛಾಯೆ ಮಂಕಾದರೂ ಹೈಪೊ ಸಾಕು. ಶೇಕಡಾ 20ರ ದ್ರಾವಣಕ್ಕೆ ಪ್ಲೇಟ್ ಇಳಿಸಿದ ಮೇಲೆ ಬಾಕ್ಸ್ ತೆರೆಯಬಹುದು. ನೋಡಬೇಕಾದ ಕ್ಷಣ ಇದು. ಮೊದಲು ಪ್ಲೇಟಿನ ಮೇಲೆ ಹಾಲುನೀಲಿ ಪೊರೆ, ಮುಖ ಉಲ್ಟಾ ಛಾಯೆಯಲ್ಲಿ. ಅಂಚಿನಿಂದ ಪೊರೆ ಕರಗುತ್ತ ಬಂದು, ನೆರಳುಗಳು ಕಪ್ಪಾಗಿ ತೆರೆದುಕೊಂಡು, ಕಣ್ಣು ಮೂಗು ಬಾಯಿ ಒಂದೊಂದಾಗಿ ಸರಿಯಾದ ಛಾಯೆಗೆ ತಿರುಗುತ್ತವೆ. ಕೂತವರನ್ನು ಈ ಹೊತ್ತಿಗೆ ಟ್ರೇ ಹತ್ತಿರ ಕರೆಯಿರಿ. ಹತ್ತು ನಿಮಿಷ ತೊಳೆದು, ಒಣಗಿಸಿ, ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ ವಾರ್ನಿಷ್ ಸುರಿದು ಬಸಿಯಿರಿ. ಮುಗಿದಾಗ ಮತ್ತೆ ಮಾಡಿಕೊಳ್ಳುವ ಹಳೆಯ ಅಳತೆ: ಆಲ್ಕೋಹಾಲ್ 414 ಮಿಲಿ, ಸ್ಯಾಂಡರಾಕ್ ಅಂಟು 57 ಗ್ರಾಂ, ಲ್ಯಾವೆಂಡರ್ ಎಣ್ಣೆ 44 ಮಿಲಿ. ತಣ್ಣನೆಯ ಪ್ಲೇಟಿಗೆ ಸುರಿದರೆ ವಾರ್ನಿಷ್ ಬಿಳಿಚಿಕೊಳ್ಳುತ್ತದೆ.

ಒಂದು ವಿಷಯದಲ್ಲಿ ನಮ್ಮ ಬಿಸಿಲು ವರ. ಮೂವತ್ತು ಪ್ಲೇಟಿನ ನಂತರ ತೊಟ್ಟಿಯಲ್ಲಿ ಈಥರ್, ಆಲ್ಕೋಹಾಲ್, ಸಾವಯವ ಕಸ ಸೇರಿ ಚಿತ್ರಕ್ಕೆ ಮಂಜು ಬರುತ್ತದೆ. ಆಗ ಚಿಟಿಕೆ ಅಡುಗೆ ಸೋಡಾ ಹಾಕಿ ಆಮ್ಲ ತಗ್ಗಿಸಿ, ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ತಾರಸಿಯಲ್ಲಿಡಿ. ಕಸವೆಲ್ಲ ಕಪ್ಪಾಗಿ ತಳಕ್ಕೆ ಕೂರುತ್ತದೆ. ಮೋಡದ ದೇಶಗಳಲ್ಲಿ ವಾರ ಹಿಡಿಯುವ ಈ ಕೆಲಸ ದಾವಣಗೆರೆಯ ಮಾರ್ಚ್‌ನಲ್ಲಿ ಎರಡು ದಿನ. ಸೋಸಿ, ಮತ್ತೆ ನೈಟ್ರಿಕ್ ಆ್ಯಸಿಡ್ ಹನಿಸಿ, ಹೈಡ್ರೊಮೀಟರ್ ನೋಡಿ ಕಡಿಮೆಯಾದ ಬೆಳ್ಳಿ ಸೇರಿಸಿದರೆ ತೊಟ್ಟಿ ಹೊಸದಾದಂತೆ. ಬೆಳ್ಳಿ ಬಿದ್ದ ತೊಳೆನೀರನ್ನು ಚರಂಡಿಗೆ ಬಿಡಬೇಡಿ. ಬಕೆಟ್ಟಿನಲ್ಲಿ ಹಿಡಿದು ಉಪ್ಪು ಹಾಕಿದರೆ ಬೆಳ್ಳಿಯ ಗಸಿ ಮೊಸರಿನಂತೆ ತಳಕ್ಕೆ ಇಳಿಯುತ್ತದೆ, ಕೂಡಿಟ್ಟುಕೊಳ್ಳಿ.

ಕೈಗವಸು ಕಿಟ್‌ನಲ್ಲಿ ಇದೆ, ಕನ್ನಡಕ ಇಲ್ಲ. ಇದು ಸಣ್ಣ ಕೊರತೆಯಲ್ಲ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ವಾರವಿರುವ ಕಪ್ಪು ಕಲೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಪಕ್ಕ ಮುಚ್ಚಿದ ಲ್ಯಾಬ್ ಕನ್ನಡಕ ಕೊಂಡ ಮೇಲೆಯೇ ಬೆಳ್ಳಿಯ ಡಬ್ಬಿ ತೆರೆಯಿರಿ.

ತರಿಸಿಕೊಳ್ಳುವ ಬಗೆಯನ್ನೂ ಹೇಳಬೇಕು. ಕೊಲೋಡಿಯನ್ ಬೆಂಕಿ ಹತ್ತುವ ಸರಕು. ಬೆಂಗಳೂರಿನಿಂದ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ರೈಲು ಹತ್ತುವುದು 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸದ ಅಪರಾಧ. ಸಹಪ್ರಯಾಣಿಕರಿಗೆ ನಿಜವಾದ ಅಪಾಯ. ಅಪಾಯಕಾರಿ ಸರಕು ಸಾಗಿಸಲು ಒಪ್ಪುವ ರಸ್ತೆ ಸಾಗಣೆಯವರ ಮೂಲಕವೇ ತರಿಸಿ. ನಮಗೆ ಬಂದ ಪಾರ್ಸೆಲ್‌ನಲ್ಲಿ ಬಾಟಲಿ ಅಡ್ಡ ಮಲಗಿಸಿದ್ದರು, ಮುಚ್ಚಳದ ಸುತ್ತ ಕೊಲೋಡಿಯನ್ ಒಸರಿ ಒಣಗಿ ಹಕ್ಕಳೆ ಕಟ್ಟಿತ್ತು. ಬಾಟಲಿ ನೆಟ್ಟಗೆ ನಿಲ್ಲಿಸಿ, ಕೊರಳಿಗೆ ಟೇಪು ಸುತ್ತಿ ಕಳಿಸಿ ಎಂದು ಆರ್ಡರ್ ಜೊತೆಗೇ ಬರೆಯಿರಿ. ಬಂದ ದಿನ ಬಣ್ಣ ನೋಡಿ: ತೆಳು ಹಳದಿ ಇದ್ದರೆ ಹೊಸದು, ಕಿತ್ತಳೆಯಾದರೆ ನಡೆಯುತ್ತದೆ, ರಕ್ತಗೆಂಪಾಗಿದ್ದರೆ ದಾರಿಯ ಬಿಸಿಲಲ್ಲಿ ಮುಪ್ಪಾಗಿದೆ, ಹಿಂದಕ್ಕೆ ಕಳಿಸಿ. ಒಳ್ಳೆಯ ಬಾಟಲಿಯನ್ನು ಮನೆಯ ಅತ್ಯಂತ ತಂಪು ಮೂಲೆಯಲ್ಲಿ, ಕತ್ತಲಲ್ಲಿ ಇಡಿ. ಫ್ರಿಜ್ಜಿನಲ್ಲಿ ಬೇಡ, ಅದರ ಸ್ವಿಚ್ಚಿನ ಕಿಡಿಗೆ ಈಥರ್ ಆವಿ ಹೊತ್ತಿಕೊಳ್ಳುತ್ತದೆ.